ಭೂಮಿಯ ಕೆಳಗಿರುವವರು

ಮಾರಿಯಮ್ಮ ಯೇಸುವನ್ನು ನಂಬಿದ್ದು ಕಾಯಿಲೆ ವಾಸಿಯಾಯಿತೆಂದಲ್ಲ, ಯಾರೋ ಅಕ್ಕಿ ಬೇಳೆ ಕೊಟ್ಟರೆಂದೂ ಅಲ್ಲ. ಬಂಗಾರಪೇಟೆ ಕಡೆಯ ನೆಂಟರು ಹಾಗೆ ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಊರ ಬಾಯಿಗೆ ಬೀಗ ಹಾಕಿದವರುಂಟೇ? ಅವಳು ನಂಬಿದ್ದು ಒಂದೇ ಒಂದು ಮಾತಿಗೆ.

ಅವಳ ಗಂಡ ಕೋದಂಡಪ್ಪ ಕೋರಮಂಡಲ್‌ನ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದವನು. ಮದುವೆಯಾಗಿ ಇನ್ನೂ ಮಕ್ಕಳಾಗಿರಲಿಲ್ಲ, ಆಗಲೇ ಒಂದು ದಿನ ಒಳಗೆ ಬಂಡೆ ಸಿಡಿಯಿತು. ಹೆಣ ಮೇಲೆ ಬರಲೇ ಇಲ್ಲ. ತಿಥಿಯ ದಿನ ಫೋಟೋ ಇಟ್ಟು ಎಡೆ ಹಾಕಿದರೆ ಕಾಗೆ ಹತ್ತಿರವೂ ಸುಳಿಯಲಿಲ್ಲ.

"ಮಣ್ಣು ಮಾಡ್ದೆ ಇರೋನಿಗೆ ಯಾವ ಲೋಕಾನೂ ಇಲ್ಲ ಕಣೇ" ಎಂದು ಅತ್ತೆ ಮುನಿನಾರಾಯಣಮ್ಮ ಎದೆ ಬಡಿದುಕೊಂಡಳು. ಗುಡ್ಡದಷ್ಟು ಮಣ್ಣು ಅವನ ಮೇಲೆ ಬಿದ್ದಿತ್ತು, ಶಾಸ್ತ್ರಕ್ಕೆ ಅದೂ ಸಾಲದು! ಕೆಲವು ವರ್ಷಗಳಲ್ಲಿ ಗಣಿಯೂ ಮುಚ್ಚಿತು. ಪಂಪುಗಳು ನಿಂತು ಒಳಗೆಲ್ಲ ನೀರು ತುಂಬಿಕೊಂಡಿತು.

ಮಾರಿಯಮ್ಮನಿಗೆ ಆಂಡರ್ಸನ್‌ಪೇಟೆಯ ಒಂದು ಪ್ರಾರ್ಥನಾ ಮಂದಿರದಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಅಲ್ಲಿದ್ದ ಮುದಿ ಪಾಸ್ಟರು ಒಂದು ಭಾನುವಾರ ಬೈಬಲಿನಿಂದ ಓದಿದರು. ಆಕಾಶದಲ್ಲಿರುವವರು, ಭೂಮಿಯ ಮೇಲಿರುವವರು, ಭೂಮಿಯ ಕೆಳಗಿರುವವರು, ಎಲ್ಲರೂ ಯೇಸುವಿನ ಹೆಸರಿಗೆ ಮಂಡಿಯೂರುತ್ತಾರಂತೆ, ಆತನೇ ಒಡೆಯನೆಂದು ಎಲ್ಲರ ನಾಲಿಗೆಯೂ ಹೇಳುತ್ತದಂತೆ.

ಭೂಮಿಯ ಕೆಳಗಿರುವವರು! ಮಾರಿಯಮ್ಮ ಪೊರಕೆಯನ್ನು ಮೂಲೆಗೆ ಎಸೆದು ಒಳಗೆ ಬಂದು ಕೂತಳು. ಅಷ್ಟು ವರ್ಷದಲ್ಲಿ ಯಾವ ಪೂಜಾರಿಯೂ, ಗಣಿಯ ಯಾವ ಸಾಹೇಬನೂ ಕೆಳಗೆ ಉಳಿದವರ ಮಾತೆತ್ತಿರಲಿಲ್ಲ. ಅಂದಿನಿಂದ ಎಲ್ಲರ ಜೊತೆ ಅವಳೂ ಮಂಡಿಯೂರಿದಳು. ಹಣೆ ನೆಲಕ್ಕೆ ತಾಗಿಸಿದಾಗಲೆಲ್ಲ, ಇದೇ ನೆಲದಡಿ ಅವನೂ ಮಂಡಿಯೂರಿದ್ದಾನೆ, ಇಬ್ಬರದೂ ಒಂದೇ ಪೂಜೆ ಎಂದುಕೊಳ್ಳುತ್ತಿದ್ದಳು. ಪಾಪ, ಅದೇ ಅವಳ ಸಂಸಾರ.

ದೀಕ್ಷಾಸ್ನಾನ ಮಾತ್ರ ಆಗಿರಲಿಲ್ಲ, ಅತ್ತೆ ಬದುಕಿರುವವರೆಗೂ ಒಪ್ಪಿರಲಿಲ್ಲ. ಹೋದ ವರ್ಷ ಅತ್ತೆ ತೀರಿಕೊಂಡಳು. ಅಷ್ಟರಲ್ಲಿ ಮುದಿ ಪಾಸ್ಟರೂ ಹೋಗಿ, ಬಂಗಾರಪೇಟೆಯಿಂದ ನರೇಶ್ ಎಂಬ ಎಳೆಯ ಪಾಸ್ಟರು ಬಂದಿದ್ದರು. ಕೆಟ್ಟವರೇನಲ್ಲ, ಓದಿದ್ದನ್ನು ಓದಿದ ಹಾಗೇ ಒಪ್ಪಿಸುವವರು. ದೀಕ್ಷಾಸ್ನಾನದ ದಿನ ಸಿಮೆಂಟ್ ತೊಟ್ಟಿಗೆ ನೀರು ತುಂಬಿಸಿದ್ದರು. ಬಿಳಿ ಸೀರೆಯುಟ್ಟು ನಿಂತಿದ್ದ ಮಾರಿಯಮ್ಮನ ಕೈಯನ್ನು ಪಕ್ಕದ ಮನೆಯ ಸೆಲ್ವಿ ಹಿಡಿದುಕೊಂಡಿದ್ದಳು.

"ಏನಾದ್ರೂ ಕೇಳೋದಿದ್ಯಾ ಅಮ್ಮಾ?" ಎಂದರು ಪಾಸ್ಟರು.

"ಮುಳುಗಿ ಎದ್ರೆ ನಮ್ಮೆಜಮಾನ್ರು ಇರೋ ಕಡೀಕೇ ಓಗ್ತೀನಾ ಪಾಸ್ಟ್ರೇ?"

"ಅವ್ರು ಯೇಸುವನ್ನ ನಂಬಿದ್ರಾ?"

"ಆವಯ್ಯನಿಗೆ ಯಾರೂ ಯೋಳ್ಲೇ ಇಲ್ಲ. ಆದ್ರೆ ಕೆಳಗಿರೋರೂ ಮಂಡಿ ಊರ್ತಾರೆ ಅಂತ ಐತಲ್ಲ?"

"ಊರ್ತಾರಮ್ಮ. ಆದ್ರೆ ಭಕ್ತಿಯಿಂದ ಅಲ್ಲ. ಸೋತ ಶತ್ರು ರಾಜನ ಕಾಲಿಗೆ ಬೀಳ್ತಾನಲ್ಲ, ಹಾಗೆ. ಆಮೇಲೆ ಅವ್ರಿಗೆ ಶಿಕ್ಷೆ."

ಅಯ್ಯೋ, ಇಷ್ಟು ವರ್ಷ ಅವಳು ಹಣೆಯಿಟ್ಟದ್ದು ಇದಕ್ಕೇ? ತಲೆಯೆತ್ತಲಾಗದ ಜಾಗದಲ್ಲಿ ಮಂಡಿಯ ಮೇಲೆ ನಿಂತು ಕೊರೆದೂ ಕೊರೆದೂ ಕೋದಂಡಪ್ಪನ ಮಂಡಿಗಳು ಒರಟು ಬಿದ್ದಿದ್ದವು. ದಿನಾ ಅವಕ್ಕೆ ಹರಳೆಣ್ಣೆ ಸವರಿದವಳು ಇವಳೇ.

"ಬದುಕಿರೋಗಂಟ ಮಂಡಿ ಮೇಲೇ ಇದ್ದ ಪಾಸ್ಟ್ರೇ. ಇನ್ನೂ ಸಾಲ್ದಾ? ಅದನ್ನ ನಾನು ಮೇಲ್ಗಡೆ ಕುಂತು ನೋಡ್ಬೇಕಾ?"

"ಅಲ್ಲಿ ನಿಮ್ಗೆ ದುಃಖಾನೇ ಇರಲ್ಲಮ್ಮ. ಕಣ್ಣೀರೆಲ್ಲ ದೇವರೇ ಒರೆಸ್ತಾನೆ."

"ಆವಯ್ಯ ಅಂಗೆ ಬಿದ್ದಿರೋದು ನೋಡೀನೂ ಕಣ್ಣಾಗೆ ನೀರು ಬರ್ಲಿಲ್ಲ ಅಂದ್ರೆ, ಅಲ್ಲಿರೋಳು ನಾನಲ್ಲ ಬುಡಿ."

"ಅಕ್ಕಾ, ಸುಮ್ನಿರಕ್ಕಾ" ಎಂದು ಸೆಲ್ವಿ ಸೆರಗು ಜಗ್ಗಿದಳು. ಮಾರಿಯಮ್ಮ ಸೆರಗು ಬಿಡಿಸಿಕೊಂಡು ತೊಟ್ಟಿಯಿಂದ ದೂರ ಸರಿದಳು. ಪಾಸ್ಟರ ಮುಖ ಸಣ್ಣದಾಯಿತು. ಅವರಿಗೆ ನಿಜವಾಗಿಯೂ ಸಂಕಟವಾಗಿತ್ತು.

"ಇವತ್ತು ಮನಸಾರೆ ಊರದಿದ್ರೆ, ಆವತ್ತು ಊರಲೇಬೇಕಾಗುತ್ತೆ ಅಮ್ಮಾ. ಯಾರೂ ತಪ್ಪಿಸ್ಕೊಳ್ಳೋಕಾಗಲ್ಲ."

"ತಪ್ಪಿಸ್ಕೊಂತೀನಿ ಅಂತ ಯಾರಂದ್ರು?" ಎಂದಳು ಮಾರಿಯಮ್ಮ. "ಊರ್ತೀನಿ. ಕೆಳಗಿನೋರ ಸಾಲ್ನಾಗೆ, ಆವಯ್ಯನ ಪಕ್ಕದಾಗೆ."