ಹೊರಡ್ತೀನಿ ಎನ್ನುವ ಆರ್ಡಿಸ್
ಮಿನ್ನಿಯಾಪೊಲಿಸ್‌ನ ರಂಗಮಂದಿರದಲ್ಲಿ ನಾಟಕಕ್ಕೆ ಬಂದವರಿಗೆ ಕುರ್ಚಿ ತೋರಿಸುವ ಆರ್ಡಿಸ್ ಅಜ್ಜಿ ಯಾರ ಮನೆಯಿಂದಲೂ ಒಂದೇ ಸಲಕ್ಕೆ ಹೊರಟವಳಲ್ಲ. ಕೂತಲ್ಲೇ ತೊಡೆಯ ಮೇಲೆ ಮೆಲ್ಲಗೆ ತಟ್ಟಿಕೊಂಡು "ಸರಿ, ಹೊರಡ್ತೀನಿ" ಎಂದು ಏಳುತ್ತಾಳೆ. ಬಾಗಿಲಲ್ಲಿ ಹಿಮದ ಸುದ್ದಿ, ಮೆಟ್ಟಿಲಲ್ಲಿ ಮೊಮ್ಮಕ್ಕಳ ಸುದ್ದಿ, ಕಾರು ಹತ್ತಿ ಗಾಜು ಇಳಿಸಿದ ಮೇಲೆ ಮಂಡಿನೋವಿನ ಸುದ್ದಿ. ಅಲ್ಲಿನ ನಾರ್ವೆ ಮೂಲದವರೆಲ್ಲ ಹೀಗೆಯೇ, ಆದರೆ ಇವಳು ಅವರಿಗೆಲ್ಲ ಗುರು. ಈ ಚಳಿಗಾಲ ಅವಳ ರಂಗಮಂದಿರದಲ್ಲಿ ನಾರ್ವೆಯ ಹಳೆಯ ನಾಟಕವೊಂದನ್ನು ಇಂದಿನ ಅಮೆರಿಕದ ಮನೆಯೊಳಗೆ ತಂದು ಆಡುತ್ತಿದ್ದಾರೆ. ಕೊನೆಯಲ್ಲಿ ಹೆಂಡತಿ ಫೋನನ್ನೂ ಮೇಜಿನ ಮೇಲೆ ಬಿಟ್ಟು, ಗಂಡನನ್ನು ತೊರೆದು, ದಢಾರನೆ ಬಾಗಿಲೆಳೆದುಕೊಂಡು ಹೋಗುತ್ತಾಳೆ. ದಿನವೂ ಹಿಂದಿನ ಗೋಡೆಗೊರಗಿ ಅದನ್ನು ನೋಡುವ ಆರ್ಡಿಸ್ ದಿನವೂ ಗೊಣಗುತ್ತಾಳೆ: "ಹಿಂಗೆ ಎದ್ದು ಹೋಗ್ಬಿಡೋದಾ? ಈ ಚಳೀಲಿ, ತಲೆಗೊಂದು ಟೋಪೀನೂ ಇಲ್ದೆ?" ಜೊತೆಗಾತಿ ಮಾರ್ಲಿಸ್ ಒಮ್ಮೆ ಕೆಣಕಿದಳು: "ನೀನಾಗಿದ್ರೆ ಹೆಂಗೆ ಹೋಗ್ತಿದ್ಯೇ?" ಆರ್ಡಿಸ್ ರಂಗದ ಮೇಲಿನ ಮುಚ್ಚಿದ ಬಾಗಿಲನ್ನೇ ನೋಡುತ್ತ ಹೇಳಿದಳು: "ಹೊರಟಿದ್ದೆ ಕಣೆ, ಮದುವೆಯಾದ ಮೂರನೇ ವರ್ಷ. ಪೆಟ್ಟಿಗೆ ಹಿಡ್ಕೊಂಡು ಬಾಗಿಲಲ್ಲಿ ನಿಂತು, 'ಸರಿ, ಹೊರಡ್ತೀನಿ' ಅಂದೆ. ನಮ್ಮನೆಯವ್ರು, 'ಕಾಫಿ ಕುಡ್ಕೊಂಡು ಹೋಗು' ಅಂದ್ರು. ಮರ್ಯಾದೆಗೆ ಎರಡು ಸಲ ಬೇಡ ಅಂದೆ. ಮೂರನೇ ಸಲಾನೂ ಕೇಳಿದ್ರೆ ಇನ್ನೇನ್ ಮಾಡ್ಲಿ? ಆ ಕಪ್ಪನ್ನ ಇವತ್ತಿಗೂ ನಾನೇ ತೊಳೀತಿದೀನಿ."