ಒದ್ದೆ ಗೋಣಿಯಲ್ಲಿ ಬಂದ ಏಳು ಅಂಡಾಣುಗಳು

ನಾನು ಕೆಲಸಕ್ಕೆ ಹೂ ಮುಡಿದು ಹೋಗುವುದಿಲ್ಲ. ಪೌಡರು, ಸೆಂಟು ಯಾವುದೂ ಇಲ್ಲ. ಮಧುಗಿರಿಯಿಂದ ಹೊರಡುವ ಬೆಳಗಿನ ಬಸ್ಸಿನಲ್ಲಿ ಹೆಂಗಸರು ನನ್ನ ಬೋಳು ಜಡೆಯನ್ನು ನೋಡುತ್ತಾರೆ, ಆಮೇಲೆ ಕತ್ತಿನ ತಾಳಿಯನ್ನು ನೋಡುತ್ತಾರೆ, ಎರಡೂ ತಾಳೆಯಾಗದೆ ಕಿಟಕಿಯತ್ತ ತಿರುಗುತ್ತಾರೆ. ಗಾಜಿನ ತಟ್ಟೆಯಲ್ಲಿ ಬೆಳೆಯುವ ಕುದುರೆಯ ಭ್ರೂಣಕ್ಕೆ ಮಲ್ಲಿಗೆಯ ಘಮವೂ ಆಗಿಬರುವುದಿಲ್ಲ ಎಂದು ವಿವರಿಸಲು ಹೋದರೆ ನನ್ನನ್ನು ಮುಂದಿನ ಸ್ಟಾಪಿನಲ್ಲೇ ಇಳಿಸಿಬಿಟ್ಟಾರು.

ಕೊಳಾಲದ ಹತ್ತಿರ ಒಂದು ಕುದುರೆ ಫಾರಂ ಇದೆ. ಅದರ ಮೂಲೆಯ ಕೋಣೆಯೇ ನನ್ನ ಲ್ಯಾಬು. ಹೆಣ್ಣು ಕುದುರೆಯ ಅಂಡಾಶಯದಿಂದ ಸೂಜಿಯಲ್ಲಿ ಅಂಡಾಣು ತೆಗೆಯುವುದು ಪಶುವೈದ್ಯರ ಕೆಲಸ. ಅದನ್ನು ಹದಕ್ಕೆ ತಂದು, ಒಂದೊಂದಕ್ಕೂ ಒಂದೊಂದು ವೀರ್ಯಾಣು ಚುಚ್ಚಿ, ಭ್ರೂಣವಾಗುತ್ತದೋ ಇಲ್ಲವೋ ಎಂದು ವಾರ, ಹತ್ತು ದಿನ ಕಾಯುವುದು ನನ್ನದು. ಭ್ರೂಣವಾದರೆ ಅದನ್ನು ಬೇರೊಂದು ಕುದುರೆಯ ಗರ್ಭಕ್ಕೆ ಇಡುತ್ತಾರೆ. ಸಾಮಾನ್ಯವಾಗಿ ಆಗುವುದಿಲ್ಲ. ಗಂಡಿನ ವೀರ್ಯ ಸೋಮಾರಿಯಾಗಿರುತ್ತದೆ, ಋತು ಸರಿಯಿರುವುದಿಲ್ಲ, ಕರೆಂಟು ಹೋಗಿ ಜನರೇಟರ್ ಹತ್ತಿಕೊಳ್ಳುವ ಹೊತ್ತಿಗೆ ತಟ್ಟೆಗಳನ್ನಿಡುವ ಬೆಚ್ಚಗಿನ ಪೆಟ್ಟಿಗೆಯ ಬಿಸಿ ಒಂದು ಗೆರೆ ಇಳಿದಿರುತ್ತದೆ. ಮೊದಲ ವರ್ಷ ತಟ್ಟೆ ಎಸೆಯುವಾಗಲೆಲ್ಲ ಅಳು ಬರುತ್ತಿತ್ತು. ಆಮೇಲೆ ನಿಂತುಹೋಯಿತು. ಈಗ ಎಸೆದು, ಕೈ ತೊಳೆದು, ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುತ್ತೇನೆ. ಬಿಸಿಯ ಡಿಗ್ರಿ ವಿಚಾರದಲ್ಲಿ ಮಾತ್ರ ನನ್ನ ಸಿಡುಕು ಇಡೀ ಫಾರಮ್ಮಿಗೇ ಗೊತ್ತು. ಬೆನ್ನ ಹಿಂದೆ ನನ್ನನ್ನು ಥರ್ಮಾಮೀಟರಮ್ಮ ಅನ್ನುತ್ತಾರೆ.

ಸಿರಾದಲ್ಲಿ ಜಟಕಾ ಓಡಿಸುವ ಮುದುಕರು, ಎಲ್ಲರ ಬಾಯಲ್ಲೂ ಚಾಚಾ, ನಮ್ಮಲ್ಲಿಗೆ ಬಂದದ್ದು ಫಾರಮ್ಮಿನ ಯಜಮಾನರ ಕಡೆಯಿಂದ. ನಮ್ಮ ಲ್ಯಾಬಿನ ಕೈ ಇನ್ನೂ ಪಳಗಲು ವಯಸ್ಸಾದ ಕುದುರೆಗಳು ಬೇಕಾಗಿದ್ದವು. ಚಾಚಾ ಹತ್ತಿರ ಮದುವೆ ಮೆರವಣಿಗೆಗೆ ಹೋಗುವ ಇಪ್ಪತ್ತೊಂದು ವರ್ಷದ ಬಿಳಿ ಹೆಣ್ಣು ಕುದುರೆ ಇತ್ತು. ಅದರ ತಾಯಿ, ಅಜ್ಜಿ ಎಲ್ಲ ಅವರ ಮನೆಯಲ್ಲೇ ಹುಟ್ಟಿದವು. ಇದಕ್ಕೆ ಮಾತ್ರ ಮರಿಯಾಗಿರಲಿಲ್ಲ. ಬಸುರಿ ಕುದುರೆಯ ಮೇಲೆ ಮದುಮಗನನ್ನು ಕೂರಿಸಲಾಗುವುದಿಲ್ಲ, ಹಾಗಾಗಿ ಈ ವರ್ಷ ಬೇಡ, ಬರುವ ವರ್ಷ ನೋಡೋಣ ಎಂದು ತಳ್ಳುತ್ತಾ ಬಂದಿದ್ದರು. ಈಗ ಅದರ ಗರ್ಭ ಮರಿ ಹೊರುವಂತಿರಲಿಲ್ಲ. ಅಂಡಾಣು ಮಾತ್ರ ಸಿಗಬಹುದಿತ್ತು. ಭ್ರೂಣವಾದರೆ ಮರಿ ಚಾಚಾದು ಎಂದು ಯಜಮಾನರು ಒಪ್ಪಿದ್ದರು.

"ಒಂದೇ ಒಂದು ಸಾಕು ಡಾಕ್ಟ್ರಮ್ಮ. ಇವ್ಳ್ ವಂಸ ಇವ್ಳಿಗೇ ನಿಂತೋಗ್ಬಾರ್ದು," ಅಂದರು. ನಾನು ಡಾಕ್ಟರಲ್ಲ ಎಂದು ಎರಡು ಸಲ ಹೇಳಿ ಸುಮ್ಮನಾದೆ. ನನ್ನ ಬರಿ ಜಡೆ ನೋಡಿ ಅವರೂ ಕೇಳಿದರು. ವಾಸನೆಯ ವಿಷಯ ಹೇಳಿದೆ. ಬಸ್ಸಿನವರ ಹಾಗೆ ಮುಖ ತಿರುಗಿಸಲಿಲ್ಲ. "ಹೌದಾ, ಅಷ್ಟ್ ನಾಜೂಕಾ," ಎಂದು ತಲೆಯಾಡಿಸಿದರು. ಮದುವೆ ಇಲ್ಲದ ದಿನ ಅವರು ಹೂವಿನ ಮೂಟೆಗಳನ್ನು ತೋಟದಿಂದ ಸಿರಾ ಬಸ್ ಸ್ಟಾಂಡಿಗೆ ಜಟಕಾದಲ್ಲಿ ಸಾಗಿಸುತ್ತಿದ್ದವರು. ನಾಜೂಕಿನ ವಸ್ತುವೆಂದರೆ ಅವರಿಗೆ ಹೂವು.

ಮೇ ತಿಂಗಳ ಬಿಸಿಲಿನಲ್ಲಿ ಮುದಿ ಕುದುರೆಯನ್ನು ಲಾರಿ ಹತ್ತಿಸುವುದು ಬೇಡವೆಂದು ನಾವೇ ಸಿರಾಕ್ಕೆ ಹೋದೆವು. ಕುದುರೆ ಅಲುಗದೆ ನಿಂತಿತು. ಕಿವಿಯ ಪಕ್ಕ ಬ್ಯಾಂಡ್‌ಸೆಟ್ ಬಾರಿಸಿದರೂ ನಿಲ್ಲುವ ಪ್ರಾಣಿ, ಸೂಜಿಗೆ ಹೆದರೀತೇ? ಏಳು ಅಂಡಾಣು ಸಿಕ್ಕವು. ಅಷ್ಟು ವಯಸ್ಸಿಗೆ ನಾನು ಮೂರು ಸಿಕ್ಕರೆ ಹೆಚ್ಚು ಎಂದುಕೊಂಡಿದ್ದೆ. ಅವನ್ನು ಪುಟ್ಟ ಟ್ಯೂಬಿನಲ್ಲಿ ಹಾಕಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟೆ. ಒಳಗೆ ಇಪ್ಪತ್ತೆರಡು ಡಿಗ್ರಿ ಇರಬೇಕು, ಮಣ್ಣಿನ ಮಡಕೆಯ ನೀರಿನಷ್ಟು. ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು.

ಪೆಟ್ಟಿಗೆ ನನ್ನ ಜೊತೆಯಲ್ಲೇ ಬರಬೇಕಿತ್ತು. ಅದು ನಿಯಮ, ಬರೆದವಳೂ ನಾನೇ. ಆದರೆ ಲ್ಯಾಬಿನಲ್ಲಿ ಯಜಮಾನರ ಸ್ವಂತ ಕುದುರೆಯ ಭ್ರೂಣದ ತಟ್ಟೆ ಬದಲಿಸುವ ಹೊತ್ತಾಗಿತ್ತು. ಪೆಟ್ಟಿಗೆ ಇನ್ನೂ ಅರ್ಧ ಗಂಟೆ ಒಂದೇ ಕಡೆ ಹದಕ್ಕೆ ಕೂರಬೇಕಿತ್ತು, ಅಷ್ಟು ಕಾಯದೆ ಪಶುವೈದ್ಯರ ಕಾರಿನಲ್ಲಿ ಮುಂದೆ ಹೊರಟೆ. ಪೆಟ್ಟಿಗೆಯನ್ನು ಚಾಚಾ ತಮ್ಮ ತೊಡೆಯ ಮೇಲಿಟ್ಟುಕೊಂಡು ಫಾರಮ್ಮಿನ ಜೀಪಿನಲ್ಲಿ ಕೂತರು. "ಜೋಪಾನ," ಅಂದೆ. ಅಷ್ಟೇ ಹೇಳಿದ್ದು. ಇಪ್ಪತ್ತೆರಡು ಎಂದು ಹೇಳಲಿಲ್ಲ, ಮುಚ್ಚಳ ತೆಗೆಯಬೇಡಿ ಎಂದೂ ಹೇಳಲಿಲ್ಲ.

ಜೀಪು ಬಂದಾಗ ಪೆಟ್ಟಿಗೆಯ ಸುತ್ತ ಒದ್ದೆ ಗೋಣಿ ಸುತ್ತಿತ್ತು. ನೀರು ತೊಟ್ಟಿಕ್ಕುತ್ತಿತ್ತು. ಚಾಚಾರ ಪ್ಯಾಂಟು ಮಂಡಿಯವರೆಗೆ ನೆನೆದಿತ್ತು. ಮಧುಗಿರಿಯಲ್ಲಿ ಜೀಪು ನಿಲ್ಲಿಸಿ, ಜ್ಯೂಸ್ ಅಂಗಡಿಯಿಂದ ಐಸು ತಂದು, ಟ್ಯೂಬಿನ ಸುತ್ತಲೂ ತುಂಬಿ, ಬೆಂಗಳೂರಿಗೆ ಕನಕಾಂಬರ ಕಳಿಸುವ ಹಾಗೇ ಕಟ್ಟಿದ್ದರು.

"ಒಂಚೂರೂ ಬಿಸ್ಲು ತಾಗ್ಸಿಲ್ಲ ನೋಡಿ ಡಾಕ್ಟ್ರಮ್ಮ. ಹೆಂಗ್ ಕೊಟ್ರೋ ಹಂಗೇ ತಂದಿವ್ನಿ," ಅಂದರು.

ಒಳಗಿನ ಥರ್ಮಾಮೀಟರು ನಾಲ್ಕು ಡಿಗ್ರಿ ತೋರಿಸುತ್ತಿತ್ತು. ಜೀಪಿನ ಡ್ರೈವರು ತಿರುಮಣಿಯವನು, ಹೊಲವನ್ನು ಸೋಲಾರ್ ಪಾರ್ಕಿಗೆ ಕೊಟ್ಟು ಸ್ಟೇರಿಂಗ್ ಹಿಡಿದವನು. ನನ್ನ ಮುಖ ನೋಡಿ ಮೆಲ್ಲಗೆ ಹೇಳಿದ. "ಮುಚ್ಚಳ ತೆಗೀಬೇಡ ಅಂದೆ ಮೇಡಂ. ತಾತ ವಿನಲೇದು, ಕೇಳ್ಲೇ ಇಲ್ಲ."

ಬೇರೆ ಯಾರಾದರೂ ಆಗಿದ್ದರೆ ಆ ದಿನ ಲ್ಯಾಬಿನ ಹೆಂಚು ಹಾರಿಹೋಗುತ್ತಿತ್ತು. ಚಾಚಾಗೆ ಮಾತ್ರ ಟವೆಲ್ ಕೊಟ್ಟೆ. ಏಳನ್ನೂ ಬೆಚ್ಚಗಿನ ಪೆಟ್ಟಿಗೆಗೆ ಇಟ್ಟೆ. ಮೂರು ಹದಕ್ಕೆ ಬಂದವು. ಮೂರಕ್ಕೂ ಚುಚ್ಚಿದೆ. ಅದರಲ್ಲಿ ಒಂದು ಒಡೆದು ಎರಡು ಕೋಶವಾಯಿತು, ನಾಲ್ಕಾಯಿತು, ಎಂಟಾಯಿತು. ಐದನೆಯ ದಿನ ಅಲ್ಲೇ ನಿಂತಿತು. ಆರನೆಯ ದಿನವೂ ನೋಡಿದೆ, ಏಳನೆಯ ದಿನವೂ ನೋಡಿದೆ. ಆಮೇಲೆ ಎಸೆದು ಕೈ ತೊಳೆದುಕೊಂಡೆ.

ನಾವು ತುಂಬುವ ವರದಿ ಹಾಳೆಯಲ್ಲಿ ಕೊನೆಯ ಸಾಲು, ವಿಫಲವಾದುದಕ್ಕೆ ಕಾರಣ. ಐಸಿನಿಂದಲೇ ಕೆಟ್ಟಿತು ಎಂದು ಆಣೆ ಮಾಡಿ ಹೇಳಲಾರೆ. ವಯಸ್ಸೂ ಇತ್ತು. ಆದರೆ ಏಳು ಸಿಕ್ಕ ಕುದುರೆಯನ್ನು ಇನ್ನೊಂದು ಸಲ ನೋಡುವುದು ನ್ಯಾಯವಾಗಿತ್ತು. ಆಷಾಢದಲ್ಲಿ ಹೇಗೂ ಮದುವೆಗಳಿಲ್ಲ, ಎರಡನೆಯ ಸಲಕ್ಕೆ ಅದೇ ಹೊತ್ತನ್ನು ಮೊದಲೇ ಗೊತ್ತು ಮಾಡಿದ್ದೆವು. ಐಸು ಎಂದು ಬರೆದಿದ್ದರೆ, ಪೆಟ್ಟಿಗೆ ಯಾರ ಕೈಯಲ್ಲಿತ್ತು ಎಂದು ಕೇಳುತ್ತಿದ್ದರು. ಆಮೇಲೆ, ಯಾರ ಕೈಯಲ್ಲಿರಬೇಕಿತ್ತು ಎಂದು ಕೇಳುತ್ತಿದ್ದರು. 'ತಾಯಿಯ ವಯಸ್ಸು' ಎಂದು ಬರೆದು ಸಹಿ ಹಾಕಿದೆ. ಮುದುಕರ ಮರ್ಯಾದೆ ಉಳಿಸಿದೆ ಎಂದು ಆ ಸಂಜೆ ನನಗೆ ನಾನೇ ಹೇಳಿಕೊಂಡೆ. ನಂಬಿಕೆ ಬರಲಿಲ್ಲ. ಬೇಸರವೂ ಆಗಲಿಲ್ಲ. ಬಸ್ಸು ಹತ್ತಿ ಮನೆಗೆ ಹೋಗಿ ಮುದ್ದೆ ತಿರುವಿದೆ.

ಯಜಮಾನರು ಓದಿದರು. "ಇಷ್ಟು ವಯಸ್ಸಾದವು ಇನ್ನು ಬೇಡ ಬಿಡಮ್ಮ. ಪಟ್ಟಿಯಿಂದ ತೆಗೆದುಬಿಡು," ಅಂದರು. ಆ ಹೊತ್ತಿಗಾದರೂ ಬಾಯಿ ಬಿಡಬಹುದಿತ್ತು. ಪೆನ್ನು ತೆಗೆದುಕೊಂಡು ಬಿಳಿ ಕುದುರೆಯ ಸಾಲನ್ನು ಹೊಡೆದುಹಾಕಿದೆ. ಚಾಚಾಗೆ ಫೋನ್ ಮಾಡಿ ಹೇಳಿದವಳೂ ನಾನೇ. ವಯಸ್ಸಾಗಿತ್ತು ಚಾಚಾ, ಅದಕ್ಕೇ, ಅಂದೆ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವರು ಫಾರಮ್ಮಿನ ಗೇಟಿಗೆ ಬಂದರು. ಎರಡು ಬಸ್ಸು ಬದಲಿಸಿ ಬಂದಿದ್ದರು. ಕಂಕುಳಲ್ಲಿ ಒದ್ದೆ ಗೋಣಿಚೀಲ. ಒಳಗೆ ಕರೆದರೆ ಬರಲಿಲ್ಲ, ಬೇವಿನ ಮರದ ನೆರಳಲ್ಲೇ ಕೂತರು.

"ಕನಕಾಂಬ್ರ ಡಾಕ್ಟ್ರಮ್ಮ. ಇದುಕ್ಕೆ ವಾಸ್ನೆ ಇಲ್ಲ, ನೀವು ಮುಡ್ಕೋಬೋದು," ಅಂದರು. ಆಮೇಲೆ ಹೇಳಿದರು. "ಹೋದ್ವಾರ ಅವ್ಳು ಹೋಗ್ಬುಟ್ಳು. ಹೊಟ್ಟೆನೋವು ಬಂತು, ಬೆಳಗಾಗೋದ್ರೊಳ್ಗೆ ಮುಗ್ದೋಯ್ತು."

ನಾನೂ ಅವರ ಪಕ್ಕ ನೆಲದ ಮೇಲೆ ಕೂತೆ. ಅವರು ಮಾತು ಮುಂದುವರಿಸಿದರು.

"ನೀವು ಅಂದಿದ್ದು ಸರೀನೇ. ವಯಸ್ಸಾಗೋಗಿತ್ತು. ಮದ್ವೆ ಮದ್ವೆ ಅಂತ ನಾನೇ ವರ್ಸ ವರ್ಸ ತಳ್ಕೊಂಡ್ ಬಂದೆ. ತಪ್ಪೆಲ್ಲ ನಂದೇ ಕಣಮ್ಮ." ಗೋಣಿಯ ಬಾಯಿ ಬಿಚ್ಚಿ ನನ್ನ ಕಡೆ ಸರಿಸಿದರು. "ಆದ್ರೂ ಆವತ್ತು ಅಷ್ಟ್ ದೂರ ಒಂದೂ ಬಾಡ್ದಂಗೆ ತಂದ್ಕೊಟ್ನಲ್ಲ. ರಾತ್ರಿ ನಿದ್ದೆ ಬರ್ದಿದ್ರೆ ಅದ್ನೇ ನೆನುಸ್ಕೊಂತೀನಿ. ನನ್ ಕೈಲಾದ್ದು ಅದೊಂದಾದ್ರೂ ಮಾಡಿದ್ನಲ್ಲ ಅಂತ."

ಚೀಲದೊಳಗೆ ಕೈ ಹಾಕಿದೆ. ಹೂವಿನ ನಡುವೆ ಐಸಿನ ಚೂರುಗಳು ಇನ್ನೂ ಕರಗಿರಲಿಲ್ಲ. ಬೆರಳುಗಳು ಮರಗಟ್ಟುವವರೆಗೂ ಕೈಯನ್ನು ಅಲ್ಲೇ ಇಟ್ಟುಕೊಂಡಿದ್ದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಹೌದು ಚಾಚಾ, ತುಂಬಾ ಜೋಪಾನವಾಗಿ ತಂದ್ರಿ," ಅಂದೆ.