ನಾನು ತಿಕ್ಕಿದ ಗಾಜುಗಳು

ಮುಂಬಯಿ ಪಕ್ಕದ ಠಾಣೆ ಊರಿನ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ನಾನು ಅಟೆಂಡರ್. ಟಿಟ್ವಾಳಾದಿಂದ ಲೋಕಲ್ ರೈಲಿನಲ್ಲಿ ಜೋತುಬಿದ್ದು ಬಂದು ಗಾಜು ತೊಳೆಯುವುದು ನನ್ನ ಕೆಲಸ. ಅದರಲ್ಲಿ ನನಗೆ ಸೊಕ್ಕೂ ಇತ್ತು. ಪ್ರೊಫೆಸರರೇ ತೊಳೆದಿಟ್ಟ ಬೀಕರನ್ನು ಅವರ ಕಣ್ಣೆದುರೇ ಇನ್ನೊಮ್ಮೆ ತೊಳೆಯುತ್ತಿದ್ದೆ.

ಡೊಂಬಿವಲಿಯ ಹುಡುಗಿಯೊಬ್ಬಳು ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಉಡುಪಿ ಕಡೆಯವರ ಮಗಳು, ಹುಟ್ಟಿದ್ದು ಇಲ್ಲೇ. ನನ್ನ ವಿಜಾಪುರದ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುವಳು. ಮನಸ್ಸಿಗೆ ಹತ್ತಿರದ್ದೇನಾದರೂ ಇದ್ದರೆ ಮಾತ್ರ ಕನ್ನಡ. ಇಲ್ಲಿಯವರು ಖಾಡಿ ಎನ್ನುವ ಉಪ್ಪು ಹಿನ್ನೀರು ಸಮುದ್ರ ಸೇರುವಲ್ಲಿ ದೋಣಿ ಕಟ್ಟುವ ಕಂಬಕ್ಕೆ ಅಂಟಿ ಬೆಳೆಯುವ ಜೀವಿಯೊಂದನ್ನು ತಂದು, ಆರು ಗಾಜಿನ ಪಟ್ಟಿಗಳ ಮೇಲೆ ಬೆಳೆಸಿದ್ದಳು. ಒಂದೇ ಮೈಯಲ್ಲಿ ನೂರಾರು ಪುಟ್ಟ ಜೀವಗಳು, ಥೇಟ್ ನಮ್ಮ ಚಾಳಿನ ಸಾಲುಕೋಣೆಗಳ ಹಾಗೆ. ಲೆನ್ಸಿನಲ್ಲಿ ನೋಡಿದರೆ ಕಿತ್ತಳೆ ಬಣ್ಣದ ಹೂವುಗಳು.

ಮಳೆಗಾಲದಲ್ಲಿ ಖಾಡಿಯ ನೀರು ಸಪ್ಪೆಯಾದಾಗ ಅವು ಸಾಯುವುದಿಲ್ಲ, ಮಲಗುತ್ತವೆ ಎಂದು ಅವಳು ಹೇಳಿದ್ದಳು. ಬಾಯಿ, ಹೊಟ್ಟೆ, ಹೃದಯ ಎಲ್ಲವನ್ನೂ ಕರಗಿಸಿಕೊಂಡು ಬರೀ ರಕ್ತನಾಳಗಳಾಗಿ ಉಳಿಯುತ್ತವಂತೆ. ನೀರು ಮತ್ತೆ ಉಪ್ಪಾದರೆ ಆ ನಾಳಗಳಿಂದಲೇ ಹೊಸ ಮೈ. ಎಷ್ಟು ಸಪ್ಪೆಯನ್ನು ಎಷ್ಟು ದಿನ ತಡೆಯುತ್ತವೆ ಎನ್ನುವುದೇ ಅವಳ ಪ್ರಬಂಧ. ಜೂನ್‌ನಿಂದ ಟ್ಯಾಂಕಿನ ಉಪ್ಪು ಇಳಿಸುತ್ತ ಬಂದಳು. ಡಿಸೆಂಬರಿಗೆ ಫೆಲೋಶಿಪ್ ಮುಗಿಯುತ್ತಿತ್ತು, ಇನ್ನೊಂದು ಮಳೆಗಾಲ ಅವಳ ಕೈಯಲ್ಲಿರಲಿಲ್ಲ.

ದಸರೆಯ ಹೊತ್ತಿಗೆ ಅವಳಿಗೆ ಕಾಮಾಲೆಯಾಯಿತು. ನೀರು ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು. ಖಂಡೆಪೂಜೆಯೆಂದರೆ ನಮ್ಮ ಕಡೆ ದುಡಿಯುವ ಸಾಮಾನಿನ ಮೇಲೆ ಒಂದು ಕಲೆಯೂ ಉಳಿಯಬಾರದು. ಗೌಂಡಿ ಕೆಲಸದ ನನ್ನಪ್ಪ ಗಾರೆ ಮೆತ್ತುವ ಕರಣಿಯನ್ನು ಮುಖ ಕಾಣುವ ಹಾಗೆ ತಿಕ್ಕುತ್ತಿದ್ದ. ನಾನು ಸೂಕ್ಷ್ಮದರ್ಶಕ ಒರೆಸಿದೆ, ಬರ್ನರ್ ಬೆಳಗಿದೆ, ಕೊನೆಗೆ ಟ್ಯಾಂಕಿನ ಆರು ಗಾಜು ಎತ್ತಿಕೊಂಡೆ. ಅವುಗಳ ಮೇಲೆ ಹೂವಿರಲಿಲ್ಲ, ಚಹಾ ಚೆಲ್ಲಿ ಒಣಗಿದಂಥ ಹಳದಿ ಕಲೆ ಮಾತ್ರ ಇತ್ತು. ಮಲಗುವುದೆಂದರೆ ಹೂವು ಮುದುಡಿ ಮೊಗ್ಗಾಗುವುದು ಎಂದು ತಿಳಿದಿದ್ದೆ. ಮೊಗ್ಗೂ ಕಾಣದಿದ್ದಾಗ, ಅವನ್ನು ಅವಳು ಬೇರೆ ಕಡೆ ತೆಗೆದಿಟ್ಟಿದ್ದಾಳೆ, ಇದು ಪಾಚಿ ಎಂದು ತೀರ್ಮಾನಿಸಿದೆ. ಒಂದು ಫೋನು ಮಾಡಿ ಕೇಳಬಹುದಿತ್ತು. ಬ್ರಷ್ಷಿನಿಂದ ತಿಕ್ಕಿ, ಫಳಫಳ ಹೊಳೆಯುವಂತೆ ಮಾಡಿ, ಟ್ಯಾಂಕಿಗೆ ಕುಂಕುಮ ಹಚ್ಚಿದೆ.

ವಾರದ ಮೇಲೆ ಅವಳು ಬಂದಳು. ಕುಂಕುಮ ನೋಡಿ ನಕ್ಕಳು. ಆಮೇಲೆ ಒಂದೊಂದೇ ಗಾಜನ್ನು ಲೆನ್ಸಿನಡಿ ಇಟ್ಟು, ಆರನೆಯದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆ ಹಳದಿ ಕಲೆಯೇ ಅವುಗಳ ನಾಳ, ಅದೂ ಕರಗಿಹೋಗಿದೆ, ನೀರನ್ನು ತಾನೇ ಅತಿ ಸಪ್ಪೆ ಮಾಡಿದೆನೇನೋ ಎಂದಳು. ನಾನು ತಿಕ್ಕಿ ತೆಗೆದದ್ದು ಅದನ್ನೇ.

ನನ್ನದು ವರ್ಷವರ್ಷವೂ ಕಾಂಟ್ರ್ಯಾಕ್ಟ್ ಹೊಸದಾಗಬೇಕಾದ ನೌಕರಿ. ಅದಕ್ಕೇ ಬಾಯಿ ಬಿಡಲಿಲ್ಲ ಎಂದರೆ ಅರ್ಧ ಸುಳ್ಳು. ಗಾಜು ತೊಳೆಯುವುದರಲ್ಲಿ ನಾನು ತಪ್ಪಿದೆ ಎಂದು ಹೇಳುವುದು ನನ್ನಿಂದ ಆಗಲಿಲ್ಲ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಅವಳು ಉಪ್ಪು ಏರಿಸುತ್ತ ಇನ್ನೂ ಹದಿನೈದು ದಿನ ಕಾದಳು. ಖಾಲಿ ಗಾಜಿನ ಮುಂದೆ ಅವಳು ಕೂತಿರುವಾಗ ನಾನು ಪಕ್ಕದಲ್ಲೇ ಬೀಕರು ಒರೆಸುತ್ತಿದ್ದೆ. ಚಿಗುರುವುದಕ್ಕೆ ನಾನು ಏನನ್ನೂ ಉಳಿಸಿರಲಿಲ್ಲ. ಆದರೂ ಬೆಳಿಗ್ಗೆ ಬಂದ ಕೂಡಲೇ ಟ್ಯಾಂಕಿನೊಳಗೆ ಇಣುಕುತ್ತಿದ್ದೆ.

ಕೊನೆಗೊಂದು ಸಂಜೆ ಅವಳು ಕೇಳಿದಳು: "ಕಾಕಾ, ನಾನಿಲ್ಲದಾಗ ಏನೂ ಗಡಬಡ್ ಆಗ್ಲಿಲ್ಲ ಅಲ್ವಾ?"

"ಇಲ್ಲವ್ವಾ. ನೀ ಹೇಳಿದಂಗ ಮಾಡೀನಿ."

"ಹಾಗಾದ್ರೆ ತಪ್ಪು ನಂದೇ."

ಪ್ರಬಂಧ ಬಿಟ್ಟು, ಕಲ್ಯಾಣದ ಕೋಚಿಂಗ್ ಕ್ಲಾಸೊಂದರಲ್ಲಿ ಕೆಲಸ ಹಿಡಿಯುತ್ತೇನೆ ಎಂದಳು. ಅವಳು ಹೊರಟಾಗ, ಹೇಳಿಬಿಡೋಣವೆಂದು ಗೇಟಿನ ತನಕ ಹಿಂದೆಯೇ ಹೋದೆ. ಅವಳು ತಿರುಗಿ ನನ್ನ ಮುಖ ನೋಡಿದಳು.

"ಬಿಡಿ ಕಾಕಾ, ನೀವ್ಯಾಕೆ ಅಳ್ತೀರಿ?" ಎಂದು ಬೆನ್ನು ಸವರಿ ರಿಕ್ಷಾ ಹತ್ತಿದಳು.

ನಾನು ಹೇಳಲಿಲ್ಲ.